ಹದಿನಾಲ್ಕು ಸೆಕೆಂಡಿನ ಹಟ

ಬೆಳಗಿನ ಏಳು ಗಂಟೆ ಹತ್ತು ನಿಮಿಷ. ಪ್ರೇರಿ ಬೆಂಡ್ ಊರಿಗೆ ಸೂರ್ಯ ಬರಲು ಇನ್ನೂ ಅರ್ಧ ಗಂಟೆಯಿದೆ. ಊರಾಚೆಯ ಹೊಲಗಳಿಂದ ಕೊಯ್ದ ಮೆಕ್ಕೆಜೋಳದ ಒಣ ದಂಟಿನ ವಾಸನೆ ತೇಲಿ ಬರುತ್ತಿದೆ. ಕಾಳು ಒಣಗಿಸುವ ಯಂತ್ರ ರಾತ್ರಿಯೆಲ್ಲ ಗುಂಯ್‌ಗುಟ್ಟಿದೆ, ಇನ್ನೂ ಸುಮ್ಮನಾಗಿಲ್ಲ. ಲಿಂಡನ್ ಬೀದಿ ಬಂದು ನಾಲ್ಕು ಸಾಲಿನ ದೊಡ್ಡ ರಸ್ತೆಗೆ ಸೇರುವ ಮೂಲೆಯಲ್ಲಿ ಆರ್ಡಿತ್ ವೊಂದ್ರಾ ನಿಂತಿದ್ದಾರೆ. ವಯಸ್ಸು ಅರವತ್ತೊಂಬತ್ತು. ಮೈಮೇಲೆ ಮಿಣುಕುವ ಹಳದಿ ಅಂಗಿ, ಕಂಕುಳಲ್ಲಿ ‘ನಿಲ್ಲಿ’ ಎಂದು ಬರೆದ ಎಂಟು ಮೂಲೆಯ ಕೆಂಪು ಫಲಕ. ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಳ್ಳುತ್ತಾರೆ. ಹಣೆ, ಎದೆ, ಎಡಭುಜ, ಬಲಭುಜ ಮುಟ್ಟಿಕೊಂಡು ಕಣ್ಣು ಮುಚ್ಚುತ್ತಾರೆ. ಆಮೇಲೆ ಕಣ್ಣು ತೆರೆದು ಸೀಟಿ ಕಚ್ಚುತ್ತಾರೆ. ಇನ್ನು ಐವತ್ತು ನಿಮಿಷ ಈ ರಸ್ತೆ ಅವರದು.

ಮೊದಲ ಗುಂಪಿನಲ್ಲಿ ಐದು ಮಕ್ಕಳು. ಶಾಲೆಯ ಚೀಲಗಳ ಭಾರಕ್ಕೆ ಮುಂದಕ್ಕೆ ಬಾಗಿದ್ದರೂ ಬಾಯಿಗೆ ಬಿಡುವಿಲ್ಲ.

"ಮಿಸ್ ಆರ್ಡಿತ್, ಕೋಳಿ ರಸ್ತೆ ಯಾಕೆ ದಾಟ್ತು?"

"ಆ ಕಡೆಗೆ ಹೋಗೋಕೆ. ಬೇರೆ ಏನಾದ್ರೂ ಹುಡುಕ್ಕೊಂಡು ಬಾ ಮರಿ. ಆ ಕೋಳಿ ಹತ್ತೊಂಬತ್ತು ವರ್ಷದಿಂದ ನನ್ನ ಮುಂದೆ ದಾಟ್ತಾನೇ ಇದೆ."

ಇವತ್ತು ಅಕ್ಟೋಬರ್ ಮೂವತ್ತು. ಬೇರೆ ಊರುಗಳಲ್ಲಿ ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಬೇಡಲು ಹೋಗುವುದು ನಾಳೆ. ಅಯೋವಾದ ಈ ಸೀಮೆಯಲ್ಲಿ ಒಂದು ದಿನ ಮೊದಲೇ. ಇದಕ್ಕೆ ಹೆಸರೇ ತಿರುಕರ ರಾತ್ರಿ. ಸಂಜೆ ಆರರಿಂದ ಎಂಟು, ಎರಡೇ ಗಂಟೆ. ಬಾಗಿಲ ದೀಪ ಉರಿಯುವ ಮನೆಗಳನ್ನೆಲ್ಲ ತಟ್ಟಬಹುದು. ಆದರೆ ಸುಮ್ಮನೆ ಕೈ ಚಾಚಿದರೆ ಏನೂ ಸಿಗದು. ಮೊದಲು ಒಂದು ಹಾಸ್ಯ ಹೇಳಬೇಕು, ಮಿಠಾಯಿ ಆಮೇಲೆ. ಆದ್ದರಿಂದ ಬೆಳಗಿನಿಂದಲೇ ಊರ ಮಕ್ಕಳೆಲ್ಲ ತಂತಮ್ಮ ಹಾಸ್ಯವನ್ನು ಸಿಕ್ಕಸಿಕ್ಕವರ ಮೇಲೆ ಸಾಣೆ ಹಿಡಿಯುತ್ತಿದ್ದಾರೆ.

ಅಷ್ಟರಲ್ಲಿ ಒಂದು ಬಿಳಿ ಪಿಕಪ್ ಗಾಡಿ ಅಂಚಿನ ಸಾಲಿನಲ್ಲಿ ತಾನಾಗಿ ನಿಲ್ಲುತ್ತದೆ. ಆರ್ಡಿತ್ ಇನ್ನೂ ರಸ್ತೆಗಿಳಿದಿಲ್ಲ, ಫಲಕ ಎತ್ತಿಲ್ಲ. ಒಳಗಿರುವ ಮುದುಕ ರೈತ ಮರ್ಲ್ ಹಾಸ್‌ಮನ್ ನಗುತ್ತ, ಹೋಗಿ ಹೋಗಿ ಎಂದು ಮಕ್ಕಳಿಗೆ ಕೈ ಬೀಸುತ್ತಾರೆ. ಮಕ್ಕಳು ಅಲುಗುವುದಿಲ್ಲ. ಆರ್ಡಿತ್ ಹೋಗಿ ಗಾಡಿಯ ಗಾಜು ತಟ್ಟುತ್ತಾರೆ.

"ಮರ್ಲ್, ಗಾಜು ಇಳಿಸು."

"ಬೆಳಿಗ್ಗೆ ಬೆಳಿಗ್ಗೆ ಏನಮ್ಮ ನಿಂದು? ಮಕ್ಕಳು ಹೋಗ್ಲಿ ಅಂತ ನಿಲ್ಲಿಸ್ದೆ."

"ನಿಲ್ಲಿಸಿದ್ದು ಸರಿ. ಕೈ ಯಾಕೆ ಬೀಸ್ದೆ?"

"ಮರ್ಯಾದೆಗೆ."

"ನಿನ್ನ ಮರ್ಯಾದೆ ನಿನ್ನ ಸಾಲಿಗೆ ಮಾತ್ರ. ಪಕ್ಕದ ಸಾಲಲ್ಲಿ ಬರೋನಿಗೂ ನೀನೇ ಜಾಮೀನಾ?"

ಮರ್ಲ್ ಕನ್ನಡಿಯಲ್ಲಿ ನೋಡುತ್ತಾರೆ. ಅಷ್ಟರಲ್ಲೇ ಒಳಗಿನ ಸಾಲಿನಲ್ಲಿ ಹಾಲಿನ ಟ್ಯಾಂಕರೊಂದು ವೇಗ ತಗ್ಗಿಸದೆ ಪಿಕಪ್‌ನ ಮಗ್ಗುಲಿನಿಂದ ಹಾದು ಹೋಗುತ್ತದೆ. ಅದರ ಚಾಲಕನಿಗೆ ಮಕ್ಕಳು ಕಂಡಿರಲಿಕ್ಕಿಲ್ಲ; ಮರ್ಲ್‌ರ ಗಾಡಿಯೇ ಅವರನ್ನು ಮರೆಮಾಡಿತ್ತು.

"ಕೈ ಎರಡೂ ಸ್ಟೀರಿಂಗ್ ಮೇಲೆ ಇರ್ಲಿ. ಸಂಜೆನೂ ಅಷ್ಟೇ."

"ಆಯ್ತು ತಾಯಿ," ಎನ್ನುತ್ತಾರೆ ಮರ್ಲ್. ಹೋಗುವಾಗ ಅಭ್ಯಾಸಬಲದಿಂದ ಒಂದು ಕೈ ಮೇಲೇಳುತ್ತದೆ. ಅರ್ಧದಲ್ಲಿ ನೆನಪಾಗಿ, ಆ ಕೈಯಲ್ಲೇ ತಲೆ ಕೆರೆದುಕೊಂಡು ಹೋಗುತ್ತಾರೆ.

ಈ ಊರಿನಲ್ಲಿ ಮಕ್ಕಳ ಮೇಲೆ ಗಾಡಿ ಹಾಯಿಸುವಂಥ ದುಷ್ಟರು ಯಾರೂ ಇಲ್ಲ. ಎಲ್ಲರೂ ಒಳ್ಳೆಯವರು. ಗುರುತಿಲ್ಲದವರಿಗೂ ಸ್ಟೀರಿಂಗ್ ಮೇಲಿಂದ ಬೆರಳೆತ್ತಿ ನಮಸ್ಕಾರ ಹೇಳುವ ಜನ. ದಾಟಲು ಯಾರಾದರೂ ಕಾಯುತ್ತಿದ್ದರೆ ಗಾಡಿ ನಿಲ್ಲಿಸಿ ಕೈ ಬೀಸದೆ ಅವರಿಂದ ಇರಲಾಗದು. ಒಂದು ಸಾಲಿನ ಹಳೆಯ ಮಣ್ಣು ರಸ್ತೆಯಲ್ಲಿ ಅದು ಸೌಜನ್ಯವೇ ಆಗಿತ್ತು. ರಸ್ತೆ ನಾಲ್ಕು ಸಾಲಾಯಿತು, ಕೈ ಮಾತ್ರ ಒಂದೇ ಸಾಲಿನ ಕಾಲದ್ದಾಗಿ ಉಳಿಯಿತು. ಬೀಸಿದ ಕೈಯನ್ನು ನಂಬಿ ಮಗು ಹೆಜ್ಜೆಯಿಡುತ್ತದೆ. ಪಕ್ಕದ ಸಾಲಿನಲ್ಲಿ ಬರುವವನು ಆ ಕೈಯನ್ನೂ ಕಂಡಿರುವುದಿಲ್ಲ, ಆ ಮಗುವನ್ನೂ ಕಂಡಿರುವುದಿಲ್ಲ.

"ಕುಡಿದು ಓಡಿಸೋನಿಗೆ ಪೊಲೀಸರಿದಾರೆ," ಎನ್ನುತ್ತಾರೆ ಆರ್ಡಿತ್. "ಒಳ್ಳೇತನದಿಂದ ಓಡಿಸೋನಿಗೆ ಯಾರಿದಾರೆ? ನಾನೊಬ್ಬಳೇ. ಅದಕ್ಕೇ ಊರಲ್ಲಿ ನಾನು ಜಗಳಗಂಟಿ."

ಅವರು ಈ ಮಾತನ್ನು ಪುಸ್ತಕ ಓದಿ ಕಲಿತದ್ದಲ್ಲ.

ಮೂವತ್ತೊಂದು ವರ್ಷದ ಹಿಂದೆ ಆರ್ಡಿತ್ ಇದೇ ಊರಿನ ರೈತರ ಸಹಕಾರ ಸಂಘದಲ್ಲಿ ಕಾಳಿನ ಲಾರಿ ಓಡಿಸುತ್ತಿದ್ದರು. ಆ ಕೆಲಸದಲ್ಲಿದ್ದ ಒಬ್ಬಳೇ ಹೆಂಗಸು. ಅಂದೂ ತಿರುಕರ ರಾತ್ರಿ, ಅಂದೂ ಸುಗ್ಗಿ. ಈ ಎರಡೂ ಒಂದೇ ವಾರಕ್ಕೆ ಬೀಳುವುದು ಇಲ್ಲಿಯ ಹಣೆಬರಹ. ಮಕ್ಕಳು ಕತ್ತಲಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ಹದಿನಾಲ್ಕು ಗಂಟೆ ದುಡಿದ ಲಾರಿಗಳೂ ಊರೊಳಗೆ ಇಳಿಯುತ್ತವೆ. ಆ ಸಂಜೆ ಇದೇ ಮೂಲೆಯಲ್ಲಿ ಎಂಟು ವರ್ಷದ ಹುಡುಗನೊಬ್ಬ ಕಡಲುಗಳ್ಳನ ವೇಷದಲ್ಲಿ, ಒಂದು ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ನಿಂತಿದ್ದ. ಆರ್ಡಿತ್ ಲಾರಿ ನಿಲ್ಲಿಸಿದರು, ನಕ್ಕರು, ಕೈ ಬೀಸಿದರು. ಹುಡುಗ ಥ್ಯಾಂಕ್ಸ್ ಹೇಳಿ ಓಡಿದ. ಅಷ್ಟು ದೊಡ್ಡ ಲಾರಿಯ ಮಗ್ಗುಲಿನಿಂದ ಒಂದು ಸಣ್ಣ ಕಾರು ಬಂತು.

ಹುಡುಗ ಉಳಿದ. ಅವನ ಬಲಗಾಲು ಮೊದಲಿನಂತೆ ಆಗಲಿಲ್ಲ.

"ಆಸ್ಪತ್ರೆಯಲ್ಲಿ ಅವನ ತಾಯಿ ನನ್ನ ಕೈ ಹಿಡ್ಕೊಂಡು, ನೀನು ಒಳ್ಳೇದಕ್ಕೇ ಮಾಡಿದ್ದೆ ಆರ್ಡಿತ್, ಅಂದ್ಲು. ಬೈದಿದ್ರೆ ಹೊತ್ಕೊಂಡು ಹೋಗ್ತಿದ್ದೆ. ಬೈಲಿಲ್ಲ. ಚರ್ಚಿನ ಪಾದ್ರಿಗಳ ಹತ್ರ ಹೇಳ್ಕೊಂಡೆ, ಅವರೂ ಬೈಲಿಲ್ಲ. ಪಾಪವೇ ಅಲ್ಲಮ್ಮ ಇದು ಅಂದ್ರು. ಪಾಪ ಅಲ್ದೆ ಇರೋದಕ್ಕೆ ಪ್ರಾಯಶ್ಚಿತ್ತ ಎಲ್ಲಿ ಸಿಗುತ್ತೆ ಹೇಳಿ?"

ಆಮೇಲೆ ಹನ್ನೆರಡು ವರ್ಷ ಅವರು ಎರಡೂ ಕೈ ಸ್ಟೀರಿಂಗ್ ಮೇಲಿಟ್ಟೇ ಲಾರಿ ಓಡಿಸಿದರು. ಯಾರ ನಮಸ್ಕಾರಕ್ಕೂ ಬೆರಳೆತ್ತಲಿಲ್ಲ. ಆರ್ಡಿತ್‌ಗೆ ಸೊಕ್ಕು ಎಂದರು ಜನ. ಲಿಂಡನ್ ಮೂಲೆಯಲ್ಲಿ ಮಕ್ಕಳನ್ನು ದಾಟಿಸುತ್ತಿದ್ದ ಮುದುಕರು ಕೆಲಸ ಬಿಟ್ಟ ವಾರವೇ ಇವರು ಲಾರಿಯ ಬೀಗದ ಕೈ ಒಪ್ಪಿಸಿ ಈ ಫಲಕ ಕೇಳಿ ಪಡೆದರು.

ಅಂದಿನಿಂದ ಬೆಳಿಗ್ಗೆ ಐವತ್ತು ನಿಮಿಷ, ಮಧ್ಯಾಹ್ನ ಐವತ್ತು ನಿಮಿಷ. ನೂರಹನ್ನೆರಡು ಮಕ್ಕಳು. ದಿನಕ್ಕೆ ಹೆಚ್ಚುಕಡಿಮೆ ನಲವತ್ತೆಂಟು ಸಲ ರಸ್ತೆಯ ನಡುವಿಗೆ ಹೋಗಿ ನಿಲ್ಲುತ್ತಾರೆ. ಹಿಮ ಬಿದ್ದಾಗ ಚಪ್ಪಟೆ ಸಲಿಕೆಯಿಂದ ದಾಟುಪಟ್ಟಿಯನ್ನು ತಾವೇ ಬಳಿಯುತ್ತಾರೆ. ಮಂಡಿ ಎರಡು ಸಲ ಕೈಕೊಟ್ಟಿದೆ. ಒಮ್ಮೆ ಕಾರಿನ ಕನ್ನಡಿ ತಗುಲಿ ಫಲಕದ ಹಿಡಿ ಮುರಿದಿತ್ತು. ಅದನ್ನು ಗುದ್ದಲಿಯ ಕಾವಿಗೆ ಬಿಗಿದುಕೊಂಡಿದ್ದಾರೆ, ಇವತ್ತಿಗೂ ಅದೇ. ಹೋದ ತಿಂಗಳು ಒಂದು ವಾರ ಬೇರೆಯದೇ ಎಣಿಕೆ ಹಿಡಿದರು. ಕಿಸೆಯಲ್ಲಿ ಜೋಳದ ಕಾಳು ತುಂಬಿಕೊಂಡು, ಮಕ್ಕಳಿಗೆ ಯಾರಾದರೂ ಕೈ ಬೀಸಿದಾಗಲೆಲ್ಲ ಒಂದೊಂದನ್ನು ಇನ್ನೊಂದು ಕಿಸೆಗೆ ಹಾಕಿದರು. ಶುಕ್ರವಾರ ಸಂಜೆ ಆ ಕಿಸೆಯಲ್ಲಿ ಮೂವತ್ತೊಂದು ಕಾಳಿದ್ದವು.

ಆ ಮೂವತ್ತೊಂದು ಕಾಳುಗಳನ್ನು ಹಿಡಿದುಕೊಂಡೇ ಅವರು ಊರಸಭೆಗೆ ಹೋದದ್ದು.

ಸಭೆಯ ಮುಂದಿದ್ದ ಪ್ರಸ್ತಾಪ ಸರಳವಾಗಿತ್ತು. ಕಳೆದ ವರ್ಷದ ತಿರುಕರ ರಾತ್ರಿ ದೊಡ್ಡ ರಸ್ತೆಯಲ್ಲಿ ಒಂದು ಕಾರು ಎರಡು ಮಕ್ಕಳ ಮುಂದೆ ಗೇಣಿನಷ್ಟು ಅಂತರದಲ್ಲಿ ಕಿರುಚಿ ನಿಂತಿತ್ತು. ಆದ್ದರಿಂದ ಇನ್ನು ಮೇಲೆ ಮನೆಮನೆ ತಿರುಗುವುದು ಬೇಡ. ಆಟದ ಮೈದಾನದ ಪಕ್ಕದ ಕಾರು ನಿಲ್ಲಿಸುವ ಜಾಗದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು, ಅಲ್ಲಿಯೇ ಮಿಠಾಯಿ ಹಂಚುವುದು. ಪ್ರಸ್ತಾಪ ತಂದವರು ಕರ್ಟ್ ಬ್ರಾಂಟ್. ವಯಸ್ಸು ಮೂವತ್ತೊಂಬತ್ತು, ಎಂಟು ವರ್ಷದ ಟೆಸ್ಸಾಳ ತಂದೆ. ಕುರ್ಚಿಯಿಂದ ಏಳುವಾಗ ಮೇಜು ಹಿಡಿದುಕೊಳ್ಳುತ್ತಾರೆ, ನಡೆಯುವಾಗ ಬಲಗಾಲು ಎಳೆಯುತ್ತಾರೆ. ಅಂದಿನ ಆ ಕಡಲುಗಳ್ಳ.

"ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ, ಆರ್ಡಿತ್," ಎಂದಿದ್ದರು ಕರ್ಟ್ ಸಭೆಯಲ್ಲಿ. "ಯಾವತ್ತೂ ಇರಲಿಲ್ಲ. ಆದ್ರೆ ನನ್ನ ಮಗಳನ್ನ ಆ ರಸ್ತೆಗೆ ಬಿಡೋಕೆ ನನ್ನ ಕೈಲಿ ಆಗಲ್ಲ."

ಮಾತಾಡಲು ಒಬ್ಬೊಬ್ಬರಿಗೆ ಮೂರು ನಿಮಿಷ. ಆರ್ಡಿತ್ ಎದ್ದರು.

"ಕರ್ಟ್, ನಿನ್ನ ಭಯ ಸುಳ್ಳು ಅಂತ ಹೇಳೋಕೆ ನಾನ್ಯಾರು? ಆದ್ರೆ ಅಪಾಯ ತರೋದು ಕಾರು, ಜಾಗ ಬಿಡೋದು ಮಕ್ಕಳು. ಇದು ಯಾವ ಊರಿನ ನ್ಯಾಯ? ನಾಳೆ ಸ್ಕೂಲಿಗೆ ಹೋಗೋಕೂ ಇದೇ ರಸ್ತೆ, ಚರ್ಚಿಗೂ ಇದೇ ರಸ್ತೆ. ಅವನ್ನೂ ಮೈದಾನಕ್ಕೆ ಎತ್ಕೊಂಡು ಹೋಗ್ತೀರಾ? ಡಿಕ್ಕಿ ಮುಂದೆ ಸಾಲು ನಿಂತು ಈಸ್ಕೊಳ್ಳೋದಕ್ಕೆ ಮಗು ಯಾಕೆ ಬೇಕು, ಚೀಲ ಒಂದಿದ್ರೆ ಸಾಕು. ಕತ್ತಲಲ್ಲಿ ಗುರುತಿಲ್ಲದೋರ ಬಾಗಿಲು ತಟ್ಟಿ, ಎದುರಿಗೆ ನಿಂತು ಒಂದು ಹಾಸ್ಯ ಹೇಳೋಕೆ ಎದೆ ಬೇಕು. ವರ್ಷಕ್ಕೆ ಎರಡು ಗಂಟೆ ಅವರು ಅದನ್ನ ಕಲೀತಾರೆ. ಬಿಟ್ಟುಕೊಡೋಕೆ ನಾನು ತಯಾರಿಲ್ಲ."

ಕಾಳುಗಳನ್ನು ಮೇಜಿನ ಮೇಲೆ ಸುರಿದು ಅದರ ಲೆಕ್ಕ ಹೇಳಿದರು. ಆಮೇಲೆ ಫಲಕವನ್ನು ಎತ್ತಿ ಹಿಡಿದು ಸುಮ್ಮನೆ ನಿಂತರು. ಯಾರೋ ಕೆಮ್ಮಿದರು. ಯಾರೋ ಕಾಗದ ಮಗುಚಿದರು. ಗೋಡೆಯ ಗಡಿಯಾರ ಟಿಕ್ಕೆನ್ನುವುದು ಕೇಳಿಸಿತು. ಕೊನೆಗೆ ಫಲಕ ಇಳಿಸಿ ಕೇಳಿದರು:

"ಹದಿನಾಲ್ಕು ಸೆಕೆಂಡು. ನಾಲ್ಕು ಸಾಲು ದಾಟೋಕೆ ಮಕ್ಕಳಿಗೆ ಬೇಕಾದ್ದು ಇಷ್ಟೇ. ನಿಮ್ಮಲ್ಲಿ ಯಾರಿಗಾದ್ರೂ ಏನಾದ್ರೂ ತಪ್ಪಿಹೋಯ್ತಾ?"

ಐವರು ಸದಸ್ಯರಲ್ಲಿ ಇಬ್ಬರು ಆಚೆ, ಇಬ್ಬರು ಈಚೆ. ಐದನೆಯವರಾದ ಕರ್ಟ್ ಕಾಳುಗಳನ್ನು ಕೈಯಲ್ಲಿ ಸವರಿ ನೋಡಿ, ಮತವನ್ನು ನವೆಂಬರಿಗೆ ಮುಂದೂಡೋಣ ಎಂದರು. ಈ ವರ್ಷ ಮಕ್ಕಳು ಬೀದಿಗೆ ಹೋಗಲಿ. ಒಬ್ಬರ ಮೈಗೆ ಕಾರು ಸೋಕಿದರೂ ಸಾಕು, ಮುಂದಿನ ವರ್ಷದಿಂದ ಮೈದಾನ. ಅದರ ಮೇಲೆ ಮಾತಿಲ್ಲ.

ಹೀಗಾಗಿ ಈ ಸಂಜೆಯ ಎರಡು ಗಂಟೆಗಳ ಮೇಲೆ ಎಲ್ಲವೂ ನಿಂತಿದೆ.

ಆರ್ಡಿತ್ ಸುಮ್ಮನೆ ಕೂತಿಲ್ಲ. ಕಳೆದ ಆರು ವಾರ ಪ್ರತಿ ಸಲ ದಾಟಿಸುವಾಗಲೂ ಮಕ್ಕಳಿಗೆ ಒಂದೇ ಆಟ ಆಡಿಸಿದ್ದಾರೆ. ಅದರ ಹೆಸರು ಮರದಾಟ. ಯಾರಾದರೂ ಗಾಡಿಯೊಳಗಿಂದ ಕೈ ಬೀಸಿದರೆ ಮರವಾಗಿ ನಿಲ್ಲಬೇಕು. ಬೇರು ಬಿಟ್ಟಂತೆ. ನಾಲ್ಕೂ ಸಾಲು ನಿಂತದ್ದನ್ನು ಸ್ವಂತ ಕಣ್ಣಿನಿಂದ ಎಣಿಸಿದ ಮೇಲೆಯೇ ಕಾಲು ಕೀಳಬೇಕು. ಮೊದಮೊದಲು ಅವರೇ ರಸ್ತೆಯ ಆಚೆ ನಿಂತು ಕೈ ಬೀಸುತ್ತಿದ್ದರು, ಬನ್ನಿ ಚಿನ್ನ, ಬನ್ನಿ ಬಂಗಾರ ಎಂದು ಕರೆಯುತ್ತಿದ್ದರು. ಓಡಿ ಬಂದವರಿಗೆ, "ನೀನು ಕೋಳಿ," ಎನ್ನುತ್ತಿದ್ದರು. ಮಕ್ಕಳಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಇನ್ನೊಂದು ಕೆಲಸ ಕೋಟುಗಳದ್ದು. ಈ ಸೀಮೆಯ ಪ್ರತಿ ಮಗುವಿನ ಹಳೆಯ ದುಃಖ ಇದು: ತಿಂಗಳುಗಟ್ಟಲೆ ಕನಸಿದ ವೇಷದ ಮೇಲೆ, ಕೊನೆಯ ಗಳಿಗೆಯಲ್ಲಿ ತಾಯಿ ಚಳಿಯ ಕೋಟು ತೊಡಿಸಿಬಿಡುತ್ತಾಳೆ. ರಾಜಕುಮಾರಿಯೂ ಕಪ್ಪು ಕೋಟು, ದೆವ್ವವೂ ಕಪ್ಪು ಕೋಟು. ಕತ್ತಲಲ್ಲಿ ಕಪ್ಪು. ಹಾಗಾಗಿ ವೇಷಕ್ಕೆ, ಬೆಳಕು ಬಿದ್ದರೆ ಮಿಣುಕುವ ಪಟ್ಟಿ ಅಂಟಿಸಿ ಉಪಯೋಗವಿಲ್ಲ. ನಿನ್ನೆ ಮಧ್ಯಾಹ್ನ ಶಾಲೆಯ ಒಪ್ಪಿಗೆ ಪಡೆದು ಆರ್ಡಿತ್ ಮತ್ತು ಅವರ ಗೆಳತಿ ಜಾರ್ಜೀನ್ ತರಗತಿಗಳ ಹೊರಗಿನ ಗೂಟಗಳಲ್ಲಿ ನೇತುಹಾಕಿದ ಕೋಟುಗಳಿಗೆಲ್ಲ ಬೆನ್ನ ಮೇಲೊಂದು, ತೋಳಿಗೊಂದೊಂದು ಬಿಳಿ ಪಟ್ಟಿ ಅಂಟಿಸಿದರು.

ಜಾರ್ಜೀನ್ ಅಂಚೆ ಕಚೇರಿಯಿಂದ ನಿವೃತ್ತರಾದವರು. ಲಿಂಡನ್ ಮೂಲೆಯ ಮನೆಯೇ ಅವರದು. ಪಟ್ಟಿ ಕತ್ತರಿಸುತ್ತ ಗೆಳತಿಯನ್ನು ಕೆಣಕುವುದು ಅವರ ಹಕ್ಕು.

"ನಲವತ್ತು ವರ್ಷ ಅಂಚೆಚೀಟಿ ಅಂಟಿಸ್ದೆ. ಈಗ ಮಕ್ಕಳಿಗೂ ಅಂಟಿಸ್ತಾ ಇದೀನಿ. ಎಲ್ಲಿಗೆ ಕಳಿಸ್ತೀಯೇ ಇವರನ್ನ?"

"ಮನೆಗೆ," ಎಂದರು ಆರ್ಡಿತ್. "ಎಲ್ಲರನ್ನೂ. ವಾಪಸ್ ಅವರವರ ಮನೆಗೆ."

ಸಂಜೆ ಆರಕ್ಕೆ ಉಸಿರು ಹೊಗೆಯಾಗುವ ಚಳಿ. ಬಾಗಿಲ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಪಶ್ಚಿಮದಲ್ಲಿ ಕೆಂಪು ಇನ್ನೂ ಆರಿಲ್ಲ. ಆ ಕೆಂಪಿಗೆ ಎದುರಾಗಿ ಬರುವ ಚಾಲಕರ ಕಣ್ಣಿಗೆ ಏನೂ ಸರಿಯಾಗಿ ಕಾಣದು. ಈ ಅರ್ಧ ಗಂಟೆಯೇ ಅತಿ ಕೆಟ್ಟದ್ದು ಎನ್ನುತ್ತಾರೆ ಆರ್ಡಿತ್. ಇವತ್ತು ಅವರಿಗೆ ಯಾರೂ ಕೆಲಸ ಹಚ್ಚಿಲ್ಲ. ಶಾಲೆಯ ಹೊತ್ತು ಮೂರೂವರೆಗೇ ಮುಗಿದಿದೆ. ಆದರೂ ಹತ್ತೊಂಬತ್ತನೆಯ ವರ್ಷ ಅದೇ ಮೂಲೆ, ಅದೇ ಗುದ್ದಲಿಕಾವಿನ ಫಲಕ.

"ಮುಖವಾಡ ಹಣೆ ಮೇಲೆ. ಫೋನು ಜೇಬಲ್ಲಿ. ಯಾರದಪ್ಪ ಇದು ಬಾಲ, ನೆಲ ಗುಡಿಸ್ತಾ ಇದೆ, ಎತ್ಕೊ. ಎಡವಿದ್ರೆ ಡೈನೋಸಾರೂ ಬೀಳುತ್ತೆ."

ಬಿಳಿ ಪಟ್ಟಿಗಳು ಮಿಂಚುತ್ತ ದಾಟುತ್ತವೆ. ಕೋಟಿನ ಮೇಲ್ಗಡೆ ಕಿರೀಟಗಳು, ಕೊಂಬುಗಳು, ಕೆಳಗಡೆ ರೆಕ್ಕೆಯ ತುದಿಗಳು. ಜಾರ್ಜೀನ್ ತಮ್ಮ ಜಗುಲಿಯಲ್ಲಿ ಕುಳಿತು ಒಂದೊಂದು ಹಾಸ್ಯಕ್ಕೂ ತೀರ್ಪು ಕೊಡುತ್ತಿದ್ದಾರೆ. ಮೂಲೆಯಲ್ಲಿ ತಂದೆತಾಯಿಯರ ಸಣ್ಣ ಗುಂಪು; ಸೇಬಿನ ಬಿಸಿ ರಸದ ಲೋಟಗಳು ಕೈಯಿಂದ ಕೈಗೆ ಹೋಗುತ್ತಿವೆ. ಅಲ್ಲಿಯೇ ಕರ್ಟ್ ಬ್ರಾಂಟ್, ಕೈಕಟ್ಟಿ. ಅವರು ಏನನ್ನೂ ಕುಡಿಯುತ್ತಿಲ್ಲ. ಟೆಸ್ಸಾ ಏಳು ಗೆಳೆಯರೊಂದಿಗೆ ಆರು ಗಂಟೆಗೇ ಲಿಂಡನ್ ಬೀದಿಯೊಳಕ್ಕೆ ಹೋಗಿದ್ದಾಳೆ. ದಾಟುವುದಾದರೆ ಇದೇ ಮೂಲೆಗೆ ಬರಬೇಕೆಂದು ಮಾತಾಗಿದೆ.

ಆರೂ ಮುಕ್ಕಾಲಕ್ಕೆ ಮಕ್ಕಳಲ್ಲಿ ಒಂದು ಸುದ್ದಿ ಹಬ್ಬುತ್ತದೆ. ದೊಡ್ಡ ರಸ್ತೆಯ ಆಚೆ, ಮುಂದಿನ ಮೂಲೆಯ ಹಸಿರು ಮನೆಯಲ್ಲಿ ಚೂರು ಚಾಕೊಲೇಟ್ ಅಲ್ಲ, ಪೂರ್ತಿ ಗಾತ್ರದ್ದೇ ಕೊಡುತ್ತಿದ್ದಾರಂತೆ. ಇಂಥ ಸುದ್ದಿಯನ್ನು ತಡೆಯುವ ಫಲಕ ಇನ್ನೂ ಹುಟ್ಟಿಲ್ಲ.

ಆರ್ಡಿತ್ ರಸ್ತೆಯ ನಡುವೆ ಒಂದು ಗುಂಪನ್ನು ದಾಟಿಸುತ್ತಿದ್ದಾಗ ಕರ್ಟ್ ಅವರ ಸ್ವರ ಕೇಳಿಸುತ್ತದೆ. ಕೂಗಲ್ಲ, ಉಸಿರು ಸಿಕ್ಕಿಕೊಂಡಂತೆ.

"ಅಲ್ಲಿ. ಟೆಸ್ಸಾ."

ಮುಂದಿನ ಮೂಲೆಯಲ್ಲಿ, ದೀಪವಿಲ್ಲದ ಕಡೆ, ರಸ್ತೆಯಂಚಿನಲ್ಲಿ ಎಂಟು ಮಕ್ಕಳು ಬಿಳಿ ಪಟ್ಟಿ ಮಿಂಚಿಸುತ್ತ ಸಾಲಾಗಿ ನಿಂತಿದ್ದಾರೆ. ಅವರ ಮುಂದೆ ಅಂಚಿನ ಸಾಲಿನಲ್ಲಿ ಕಾಳಿನ ಲಾರಿಯೊಂದು ನಿಧಾನವಾಗುತ್ತಿದೆ. ನಿಲ್ಲುತ್ತದೆ. ಒಳಗಿನ ದೀಪ ಹೊತ್ತಿಕೊಳ್ಳುತ್ತದೆ. ಟೋಪಿ ಹಾಕಿದ ಚಾಲಕ ನಗುತ್ತ, ಅಗಲವಾಗಿ, ಪ್ರೀತಿಯಿಂದ, ಕೈ ಬೀಸುತ್ತಾನೆ.

ನೂರು ಗಜ. ಆರ್ಡಿತ್‌ರ ಮಂಡಿಗೆ ಅದು ಓಡುವ ದೂರವಲ್ಲ. ಕರ್ಟ್‌ರ ಕಾಲಿಗೂ ಅಲ್ಲ. ಸೀಟಿ ಊದಿದರೆ ಮಕ್ಕಳು ಬೆದರಿ ಮುಂದಕ್ಕೇ ನುಗ್ಗಬಹುದು. ಆರ್ಡಿತ್ ಸೀಟಿಯನ್ನು ಬಾಯಿಂದ ತೆಗೆಯುತ್ತಾರೆ. ಅವರ ತುಟಿ ಅಲುಗುತ್ತದೆ. ಪ್ರಾರ್ಥನೆಯೋ ಅಂಕಿಯೋ, ಪಕ್ಕದಲ್ಲಿದ್ದವರಿಗೂ ತಿಳಿಯದು.

ಚಾಲಕ ಮತ್ತೆ ಕೈ ಬೀಸುತ್ತಾನೆ. ಮಕ್ಕಳು ನಿಂತೇ ಇದ್ದಾರೆ. ಗಾಜು ಇಳಿಸಿ ಏನೋ ಹೇಳುತ್ತಾನೆ. ಎಂಟೂ ಮಕ್ಕಳು ತೋಳುಗಳನ್ನು ಮೇಲೆತ್ತುತ್ತಾರೆ, ಕೊಂಬೆಗಳಂತೆ, ಬೆರಳು ಬಿಡಿಸಿ. ಒಂದು ಕೊಂಬೆಗೆ ಮಿಠಾಯಿಯ ಚೀಲ ನೇತಾಡುತ್ತಿದೆ. ಚಾಲಕ ತಬ್ಬಿಬ್ಬಾಗಿ ನೋಡುತ್ತಾನೆ. ಆಗ ಲಾರಿಯ ಹಿಂದಿನಿಂದ, ಒಳಗಿನ ಸಾಲಿನಲ್ಲಿ, ಬೂದು ಬಣ್ಣದ ಕಾರೊಂದು ಇದ್ದ ವೇಗದಲ್ಲೇ ಬಂದು, ಆ ಮರಗಳ ಮುಂದಿನಿಂದ ಹಾದು, ಲಿಂಡನ್ ಮೂಲೆಯ ಕೆಂಪು ಫಲಕ ಕಂಡು ಕಿರುಚಿ ನಿಲ್ಲುತ್ತದೆ. ಒಳಗಿರುವ ಹೆಂಗಸಿಗೆ ತಾನು ಏನನ್ನು ದಾಟಿ ಬಂದೆನೆಂದು ಗೊತ್ತೇ ಇಲ್ಲ. ಅವಳೂ ನಕ್ಕು ಒಂದು ಬೆರಳೆತ್ತುತ್ತಾಳೆ.

ಎಂಟು ಮರಗಳು ತೋಳಿಳಿಸುತ್ತವೆ. ಪರಸ್ಪರ ಏನೋ ಹೇಳಿಕೊಂಡು, ರಸ್ತೆಗಿಳಿಯದೆ, ಕಾಲುದಾರಿ ಹಿಡಿದು ಇತ್ತಲೇ ಬರತೊಡಗುತ್ತವೆ.

ಕರ್ಟ್ ದೀಪದ ಕಂಬ ಹಿಡಿದುಕೊಂಡಿದ್ದಾರೆ. ಹೇಳುತ್ತಾರೆ:

"ನಂಗೆ ಅವತ್ತು ಯಾರೂ ಹೇಳಿಕೊಟ್ಟಿರಲಿಲ್ಲ."

"ನಂಗೂ," ಎನ್ನುತ್ತಾರೆ ಆರ್ಡಿತ್.

ಮೂವತ್ತೊಂದು ವರ್ಷದಲ್ಲಿ ಆ ಇಬ್ಬರ ನಡುವೆ ಆ ಸಂಜೆಯ ಬಗ್ಗೆ ನೇರವಾಗಿ ಆದ ಮಾತು ಇಷ್ಟೇ. ದೇವರು ಕೆಲವು ಗಂಟುಗಳನ್ನು ಬಿಚ್ಚಲು ತನ್ನದೇ ಹೊತ್ತು ತೆಗೆದುಕೊಳ್ಳುತ್ತಾನೆ. ಆ ಹೊತ್ತು ಬಂದಾಗ ದೊಡ್ಡ ಮಾತು ಬೇಕಾಗುವುದಿಲ್ಲ.

ಸ್ವಲ್ಪ ಸುಧಾರಿಸಿಕೊಂಡು ಕರ್ಟ್ ಮತ್ತೆ ಊರಸಭೆಯ ಸದಸ್ಯರಾಗುತ್ತಾರೆ. "ಮೈದಾನ ಬೇಡ. ನವೆಂಬರಲ್ಲಿ ನಾನೇ ಹೇಳ್ತೀನಿ. ಆದ್ರೆ ಮುಂದಿನ ವರ್ಷ ಆ ಮೂಲೆಗೂ ಒಬ್ಬರು ಬೇಕು."

"ಬೇಕೇಬೇಕು. ದೀಪಾನೂ ಬೇಕು. ಈ ನಾಲ್ಕು ಸಾಲನ್ನ ಎರಡು ಸಾಲಿಗೆ ಇಳಿಸೋ ಅರ್ಜಿನೂ ಬರೆದಿಟ್ಟಿದೀನಿ, ಅದಕ್ಕೂ ನಿನ್ನ ಮತ ಬೇಕು. ನಮ್ಮನೆಲಿ ಹಳೇ ಫಲಕ ಒಂದಿದೆ. ನಿಂಗೆ ಕೈ ಎತ್ತೋಕೆ ಬರುತ್ತಾ?"

"ಎತ್ತೋಕೆ ಬರುತ್ತೆ," ಎನ್ನುತ್ತಾರೆ ಕರ್ಟ್. "ಬೀಸಲ್ಲ."

ಜಗುಲಿಯಿಂದ ಜಾರ್ಜೀನ್ ಕೂಗಿ ಹೇಳುತ್ತಾರೆ: "ಅವಳ ಮಾತು ಕೇಳಬೇಡಪ್ಪ, ನಿನ್ನನ್ನೂ ಜಗಳಗಂಟ ಮಾಡ್ತಾಳೆ."

ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಆರ್ಡಿತ್‌ಗೆ ಸಿಟ್ಟು ಬರುತ್ತದೆ. ಸನ್ಮಾನ ಮಾಡುತ್ತೇವೆಂದು ಬಂದ ಸಂಘದವರಿಗೆ, ಆ ಹೊತ್ತಲ್ಲಿ ಬಂದು ಕೋಟಿಗೆ ಪಟ್ಟಿ ಅಂಟಿಸಿ ಎಂದು ಹೇಳಿ ಕಳಿಸಿದ್ದಾರೆ. "ನಂಗೇನೂ ಬೇಡ. ನಾನು ಸಾಯೋವರೆಗೆ ಈ ಮಕ್ಕಳು ಬಾಗಿಲು ತಟ್ಟೋ ಸದ್ದು ಕೇಳ್ತಾ ಇರಲಿ. ಅದು ನಿಂತ್ರೆ ಆವಾಗ ನೋಡಿ ನನ್ನ ಜಗಳ."

ಎಂಟು ಮಕ್ಕಳು ಬಂದು ಮುಟ್ಟುತ್ತಾರೆ. ಎಲ್ಲರಿಗಿಂತ ಮುಂದೆ ಟೆಸ್ಸಾ. ಕೋಟಿನ ಅಡಿಯಿಂದ ಹಳದಿ ಗರಿಗಳು ಇಣುಕುತ್ತಿವೆ. ಅವಳು ತಂದೆಯ ಕಡೆ ನೋಡುವುದಿಲ್ಲ, ನೇರವಾಗಿ ಆರ್ಡಿತ್ ಎದುರು ನಿಲ್ಲುತ್ತಾಳೆ.

"ಮಿಸ್ ಆರ್ಡಿತ್, ಕೋಳಿ ರಸ್ತೆ ಯಾಕೆ ದಾಟಲಿಲ್ಲ?"

ಹತ್ತೊಂಬತ್ತು ವರ್ಷದಲ್ಲಿ ಅದು ದಾಟದೆ ಇದ್ದ ದಿನವಿಲ್ಲ.

"ಯಾಕೆ?"

"ಯಾರೋ ಕೈ ಬೀಸಿದ್ರು."

ಕೋಳಿಯ ಹಾಸ್ಯಕ್ಕೆ ಈ ಮೂಲೆಯಲ್ಲಿ ಈವರೆಗೆ ಯಾರಿಗೂ ಏನೂ ಸಿಕ್ಕಿರಲಿಲ್ಲ. ಆರ್ಡಿತ್ ನಗುವುದಿಲ್ಲ. ಕಿಸೆಗೆ ಕೈ ಹಾಕಿ, ಸಿಕ್ಕಿದಷ್ಟು ಮಿಠಾಯಿಯನ್ನು ಮುಷ್ಟಿ ತುಂಬ ತೆಗೆದು ಅವಳ ಚೀಲಕ್ಕೆ ಸುರಿಯುತ್ತಾರೆ. ಅದರೊಂದಿಗೆ ಒಂದೆರಡು ಜೋಳದ ಕಾಳುಗಳೂ ಬೀಳುತ್ತವೆ.

ಆಮೇಲೆ ಫಲಕ ಎತ್ತಿ ರಸ್ತೆಗಿಳಿಯುತ್ತಾರೆ. ಒಂದು ಸಾಲು ನಿಲ್ಲುತ್ತದೆ, ಎರಡು, ಮೂರು, ನಾಲ್ಕು. ಮಕ್ಕಳು ಬೆರಳು ತೋರಿಸಿ ಎಣಿಸಿ, ಎಣಿಸಿದ್ದನ್ನು ಇನ್ನೊಮ್ಮೆ ಎಣಿಸಿ, ಹಸಿರು ಮನೆಯ ಕಡೆಗೆ ಮುಖಮಾಡಿ ಹೆಜ್ಜೆಯಿಡುತ್ತಾರೆ. ನಿಂತ ಗಾಡಿಗಳ ಹಿಂದೆಲ್ಲೋ ಯಾರೋ ತಾಳ್ಮೆ ಸಾಲದೆ ಹಾರ್ನ್ ಒತ್ತುತ್ತಾರೆ. ಆರ್ಡಿತ್ ಆ ಕಡೆ ತಿರುಗಿಯೂ ನೋಡುವುದಿಲ್ಲ.

"ಇನ್ನೂ ಒಂಬತ್ತು ಸೆಕೆಂಡಿದೆ," ಎನ್ನುತ್ತಾರೆ. "ಕಾಯ್ಲಿ."